ಹತ್ತು ನಿಮಿಷಕ್ಕೊಂದು ಬಸ್ಸು ಬಂದರೆ ಬೆಳಗಾವಿ ಬೈಕ್ ಬಿಟ್ಟೀತೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಳಗಾವಿಯ ನಗರ ಸಾರಿಗೆಯ ಬಗ್ಗೆಯೇ ಇದ್ದವು. ಮೊದಲ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಉಳಿದವುಗಳ ಬೇರೂ ಅದರಲ್ಲೇ ಇರುವುದರಿಂದ ಅವಕ್ಕೆ ಚಿಕ್ಕ ಉತ್ತರ ಸಾಕೆನಿಸಿತು.

ಪ್ರಶ್ನೆ: ವಡಗಾವಿಯೊಳಗ ನಮ್ಮ ಮನಿ, ಉದ್ಯಮಬಾಗದ ಫೌಂಡ್ರಿಯೊಳಗ ನನ್ನ ಕೆಲಸ. ಬಸ್ಸಿಗೆ ಹೋಗಬೇಕಂದ್ರ ಮೊದಲ ಸಿಬಿಟಿಗೆ (ಊರ ನಡುವಿನ ಬಸ್ ನಿಲ್ದಾಣ) ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹಿಡೀಬೇಕು. ಒಂದ್ ತಾಸು ಹೋಗ್ತದ. ಬೈಕ್ ಮ್ಯಾಲ ಹದಿನೈದು ನಿಮಿಷ. ಮನ್ಯಾಗ ಆಗಲೇ ಎರಡು ಬೈಕ್ ಅದಾವು, ಕಾಲೇಜಿಗೆ ಹೋಗೋ ಮಗಳು ಈಗ ಸ್ಕೂಟಿ ಕೇಳಾಕತ್ಯಾಳ. ಬಸ್ ಹೆಚ್ಚ ಮಾಡ್ರಿ ಅಂತ ನೀವೆಲ್ಲ ಬರೀತೀರಿ. ಬೈಕ್ ಬಿಟ್ಟು ಬಸ್ ಹತ್ತೋ ಮಂದಿ ಈ ಊರಾಗ ಅದಾರೇನ್ರಿ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಒಂದು ತಾಸಿನ ಬಸ್ಸು, ಹದಿನೈದು ನಿಮಿಷದ ಬೈಕು ಎದುರೆದುರು ನಿಂತರೆ ನಾನಾದರೂ ಬೈಕಿನ ಕೀಲಿಯನ್ನೇ ತೆಗೆದುಕೊಳ್ಳುತ್ತೇನೆ. ಹಾಗಾಗಿ ಬೈಕ್ ಬಿಡಿ ಎಂದು ನಿಮಗೆ ಬುದ್ಧಿ ಹೇಳುವುದಿಲ್ಲ. ಆ ಒಂದು ತಾಸು ಎಲ್ಲಿ ಹೋಗುತ್ತದೆ ಎಂಬುದನ್ನು ಮಾತ್ರ ಬಿಡಿಸಿ ನೋಡೋಣ.

ವಡಗಾವಿಯಿಂದ ಉದ್ಯಮಬಾಗಕ್ಕೆ ಅನಗೋಳದ ಮೇಲೆ ಹೋದರೆ ಐದಾರು ಕಿಲೋಮೀಟರ್ ಮೀರುವುದಿಲ್ಲ. ಬಸ್ಸು ಎಷ್ಟೇ ನಿಧಾನ ಹೋದರೂ ಇಷ್ಟು ದೂರಕ್ಕೆ ಇಪ್ಪತ್ತೈದು ನಿಮಿಷ ಸಾಕು. ಉಳಿದದ್ದೆಲ್ಲ ಕಾಯುವ ಹೊತ್ತು ಮತ್ತು ಸಿಬಿಟಿಗೆ ಸುತ್ತುವ ಹೊತ್ತು. ಅರ್ಧ ತಾಸಿಗೊಂದು ಬಸ್ಸಿರುವ ಕಡೆ ಸಮಯ ನೋಡದೆ ಹೋಗಿ ನಿಂತವರು ಸರಾಸರಿ ಹದಿನೈದು ನಿಮಿಷ ಕಾಯುತ್ತಾರೆ. ನಡುವೆ ಬಸ್ ಬದಲಿಸಿದರೆ ಮತ್ತೆ ಹದಿನೈದು. ಹೀಗೆ ಅರ್ಧ ತಾಸು ನಿಂತಲ್ಲೇ ಕಳೆಯಿತು. ಅದರಲ್ಲಿ ಒಂದು ಬಸ್ಸು ಬರದೇ ಹೋದರೆ ಶಿಫ್ಟ್ ತಪ್ಪಿತು, ಆ ದಿನದ ಪಗಾರ ಹೋಯಿತು. ಜನರನ್ನು ಬೈಕಿಗೆ ದೂಡುವುದು ಈ ಭಯವೇ. ಅದೇ ಬಸ್ಸು ಹತ್ತು ನಿಮಿಷಕ್ಕೊಂದರಂತೆ ಬಂದರೆ ಸರಾಸರಿ ಕಾಯುವುದು ಐದೇ ನಿಮಿಷ. ಬದಲಿಸಿದರೂ ಹತ್ತು. ಒಂದು ತಪ್ಪಿದರೆ ಹಿಂದೆ ಇನ್ನೊಂದು ಇದೆ ಎಂಬ ಧೈರ್ಯ ಇರುತ್ತದೆ, ವೇಳಾಪಟ್ಟಿ ಕೇಳಿಕೊಂಡು ಮನೆ ಬಿಡಬೇಕಿಲ್ಲ.

ಇದಕ್ಕೆ ನೂರಾರು ಬಸ್ಸು ಬೇಕಾಗುತ್ತದೆ ಎಂದು ತಿಳಿಯಬೇಡಿ. ಲೆಕ್ಕ ಸರಳ. ಒಂದು ಬಸ್ಸು ಹೋಗಿ, ತುದಿಯಲ್ಲಿ ಸ್ವಲ್ಪ ನಿಂತು, ಹೊರಟಲ್ಲಿಗೆ ವಾಪಸು ಬರಲು 60 ನಿಮಿಷ ಹಿಡಿದರೆ, ಹತ್ತು ನಿಮಿಷಕ್ಕೊಂದರಂತೆ ಬಿಡಲು 6 ಬಸ್ಸು ಬೇಕು. ಕೆಟ್ಟು ನಿಂತರೆ ಇರಲಿ ಎಂದು ಮೇಲೊಂದು. ಏಳು ಬಸ್ಸಿನಲ್ಲಿ ಒಂದು ಮಾರ್ಗ ಪೂರ್ತಿ ಬದಲಾಗುತ್ತದೆ. ಆದರೆ ದಾರಿಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ಅದೇ ಸುತ್ತಿಗೆ 90 ನಿಮಿಷ ಹಿಡಿದರೆ, ಅಷ್ಟೇ ಸೇವೆಗೆ 9 ಬಸ್ಸು ಬೇಕು. ಹೊಸದಾಗಿ ಕೊಂಡ ಮೂರು ಬಸ್ಸುಗಳನ್ನು ಜಾಮ್ ನುಂಗಿ ಹಾಕಿತು! ಮೂವರು ಚಾಲಕರು, ಮೂವರು ನಿರ್ವಾಹಕರು, ಅವರ ಸಂಬಳ, ಡೀಸೆಲ್ ಎಲ್ಲವೂ ಖರ್ಚಾದರೂ ಪ್ರಯಾಣಿಕರಿಗೆ ಒಂದು ನಿಮಿಷವೂ ಉಳಿಯಲಿಲ್ಲ. ಬಸ್ ಕೊಡಿ ಎಂದು ಕೇಳುವವರು ಬಸ್ಸಿಗೆ ದಾರಿಯನ್ನೂ ಬಿಡಿಸಿ ಎಂದು ಕೇಳಲೇಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿ. ಬಸ್ ಕೊಡಬೇಕಾದವರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವರು. ದಾರಿ ಬಿಡಿಸಬೇಕಾದವರು ಪಾಲಿಕೆ ಮತ್ತು ಸಂಚಾರ ಪೊಲೀಸರು. ಮೂವರೂ ಒಂದೇ ಮೇಜಿನ ಸುತ್ತ ಕೂಡಬೇಕು.

ಇನ್ನು ಮಾರ್ಗದ ಮಾತು. ಎಲ್ಲ ಬಸ್ಸೂ ಸಿಬಿಟಿ ಮುಟ್ಟಿಯೇ ಹೋಗಬೇಕೆಂಬ ಪದ್ಧತಿ ಹುಟ್ಟಿದ್ದು ಊರಿನ ಕೆಲಸವೆಲ್ಲ ಖಡೇಬಜಾರ, ಗಣಪತಿ ಗಲ್ಲಿಗಳ ಸುತ್ತ ಇದ್ದಾಗ. ಈಗ ಕೆಲಸ ಉದ್ಯಮಬಾಗ, ಮಚ್ಛೆಯಲ್ಲಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಖಾನಾಪುರ ರಸ್ತೆಯ ತುದಿಗಿದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಊರಾಚೆ ಹಲಗಾ ಬಳಿ ಇದೆ, ವಿಮಾನ ನಿಲ್ದಾಣ ಸಾಂಬ್ರಾದಲ್ಲಿದೆ. ಊರು ನಾಲ್ಕೂ ದಿಕ್ಕಿಗೆ ಬೆಳೆದಿರುವಾಗ ಬಸ್ಸು ಮಾತ್ರ ಇನ್ನೂ ನಡುಮಧ್ಯಕ್ಕೇ ಬಂದು ಹೋಗಬೇಕೇಕೆ? ಖಾಸಬಾಗ, ವಡಗಾವಿ, ಅನಗೋಳ, ಮೂರನೇ ರೈಲ್ವೆ ಗೇಟ್, ಉದ್ಯಮಬಾಗ ಎಂದು ಅಡ್ಡ ಹಾಯುವ ಒಂದು ಮಾರ್ಗವನ್ನು ಹತ್ತು ನಿಮಿಷಕ್ಕೊಂದರಂತೆ ಓಡಿಸಿದರೆ, ನಿಮ್ಮ ಒಂದು ತಾಸು ಅರ್ಧ ತಾಸಾಗುತ್ತದೆ. ಬೈಕಿನ ಹದಿನೈದು ನಿಮಿಷಕ್ಕೆ ಅದು ಸಮ ಅಲ್ಲ, ಒಪ್ಪುತ್ತೇನೆ. ಆದರೆ ಜುಲೈ ತಿಂಗಳ ನಮ್ಮೂರ ಮಳೆಯಲ್ಲಿ ರೇನ್‌ಕೋಟ್ ಒಳಗೂ ನೆಂದು, ಒದ್ದೆ ಪ್ಯಾಂಟಿನಲ್ಲೇ ಎಂಟು ತಾಸು ಕೆಲಸ ಮಾಡಿದವರಿಗೆ ಆ ಹದಿನೈದು ನಿಮಿಷದ ಅಂತರ ದೊಡ್ಡದೆನಿಸದು.

ನಿಲ್ದಾಣದ ಸ್ಥಿತಿಯನ್ನೂ ಹೇಳಬೇಕು. ಹೋದ ಮಳೆಗಾಲ ಒಂದು ಬೆಳಿಗ್ಗೆ ಖಾನಾಪುರ ರಸ್ತೆಯ ಒಂದು ನಿಲ್ದಾಣದಲ್ಲಿ ನಿಂತಿದ್ದೆ. ತಂಗುದಾಣದ ಮುಂದೆಯೇ ಎರಡು ಆಟೊ, ಒಂದು ಕಾರು ನಿಂತಿದ್ದವು. ಬಸ್ಸು ಬಂತು, ಆದರೆ ಒಳಗೆ ಬರಲು ಜಾಗವಿಲ್ಲದೆ ಐವತ್ತು ಹೆಜ್ಜೆ ಮುಂದೆ ಹೋಗಿ ರಸ್ತೆ ನಡುವೆಯೇ ನಿಂತಿತು. ಕಾಲೇಜು ಹುಡುಗಿಯರು ಕೊಡೆ ಮುಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ಓಡಿದರು. ತಲೆ ಮೇಲೆ ಸೆರಗು ಹೊದ್ದ ಅಜ್ಜಿಯೊಬ್ಬರು ಕಾಯಿಪಲ್ಲೆ ಚೀಲ ಎತ್ತಿಕೊಂಡು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಸೀಟಿ ಊದಿತು, ಬಸ್ಸು ಹೋಯಿತು. ಅವರು ಮರಳಿ ಬಂದು ನನ್ನ ಪಕ್ಕ ನಿಂತು, "ಇನ್ನೊಂದ್ ಯಾವಾಗ ಬರ್ತದ್ರಿ ಅಣ್ಣಾ?" ಎಂದು ಕೇಳಿದರು. ಗೊತ್ತಿಲ್ಲ ಆಯಿ ಎಂದೆ. ಮೂವತ್ತು ವರ್ಷ ಈ ವಿಷಯ ಓದಿ, ಓದಿಸಿದವನಿಗೆ ಆ ಉತ್ತರ ಕೊಡಬೇಕಾಗಿ ಬಂದದ್ದು ಇವತ್ತಿಗೂ ಚುಚ್ಚುತ್ತದೆ. ನಿಲ್ದಾಣದ ಎರಡೂ ಬದಿ ಇಪ್ಪತ್ತು ಮೀಟರ್ ಹಳದಿ ಗೆರೆ ಎಳೆದು ಅಲ್ಲಿ ಯಾರೂ ಗಾಡಿ ನಿಲ್ಲಿಸದಂತೆ ನೋಡಿಕೊಳ್ಳಲು, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂಬ ಒಂದು ಫಲಕ ಹಾಕಲು ಕೋಟಿಗಟ್ಟಲೆ ಹಣ ಬೇಡ. ಮೈಸೂರಿನ ನಗರ ಬಸ್ಸುಗಳಿಗೆ ಜಿಪಿಎಸ್ ಹಾಕಿ, ನಿಲ್ದಾಣದಲ್ಲಿ ಬಸ್ ಬರುವ ಸಮಯ ತೋರಿಸುವ ವ್ಯವಸ್ಥೆ 2012ರಲ್ಲೇ ಬಂದಿದೆ.

ಮಗಳ ಸ್ಕೂಟಿ ವಿಷಯ ನಿಮ್ಮ ಮನೆಯದು, ಆದರೂ ಕೇಳಿದ್ದೀರೆಂದು ಹೇಳುತ್ತೇನೆ. ಹೊಸ ಗಾಡಿ ರಸ್ತೆಗಿಳಿಯುವ ಹೊತ್ತಿಗೆ ಲಕ್ಷ ರೂಪಾಯಿ ಆಸುಪಾಸು. ದಿನಕ್ಕೆ 15 ಕಿಲೋಮೀಟರ್, ತಿಂಗಳಿಗೆ 25 ದಿನ ಓಡಿಸಿದರೆ ಎಂಟೊಂಬತ್ತು ಲೀಟರ್ ಪೆಟ್ರೋಲ್, ಅಂದರೆ ಒಂಬೈನೂರು ರೂಪಾಯಿಯ ಆಸುಪಾಸು. ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆಯಿಂದಾಗಿ ಬಸ್ಸಿನಲ್ಲಿ ಆಕೆ ದುಡ್ಡು ಕೊಡಬೇಕಿಲ್ಲ. ದುಡ್ಡಿಗಿಂತ ದೊಡ್ಡ ಮಾತು ಇನ್ನೊಂದಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು, ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಒಳ್ಳೆಯ ಬಸ್ಸು ಇದ್ದಿದ್ದರೆ ಆಕೆ ಸ್ಕೂಟಿ ಕೇಳುತ್ತಲೇ ಇರಲಿಲ್ಲವೇನೋ. ಬಸ್ ಹತ್ತುವ ಮಂದಿ ಇದ್ದಾರೇನು ಎಂದು ಕೇಳಿದಿರಲ್ಲ, ಅಂಥವರಲ್ಲಿ ಒಬ್ಬಳು ನಿಮ್ಮ ಮನೆಯಲ್ಲೇ ಇರಬಹುದು.

ಪ್ರಶ್ನೆ: ಬಸ್ಸು ದೊಡ್ಡದು, ಚನ್ನಮ್ಮ ವೃತ್ತದಲ್ಲಿ ತಿರುಗುವಾಗ ಅದೇ ಜಾಮ್ ಮಾಡುತ್ತದೆ. ರಸ್ತೆ ಅಗಲ ಮಾಡಿ ಫ್ಲೈಓವರ್ ಕಟ್ಟಿದರೆ ಸಮಸ್ಯೆ ಮುಗಿಯುವುದಿಲ್ಲವೇ? (ಟಿಳಕವಾಡಿಯಿಂದ)

ಉತ್ತರ: ಬಸ್ಸು ದೊಡ್ಡದು ನಿಜ. 12 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಅದರೊಳಗೆ ಐವತ್ತು ಜನ. ಆ ಐವತ್ತು ಜನ ಇಳಿದು ಒಬ್ಬೊಬ್ಬರು ಒಂದೊಂದು ಕಾರು ಹತ್ತಿದರೆ, ನಾಲ್ಕು ಮೀಟರಿನ ಐವತ್ತು ಕಾರುಗಳನ್ನು ಒಂದರ ಹಿಂದೊಂದು ಮುಟ್ಟಿಸಿ ನಿಲ್ಲಿಸಿದರೂ 200 ಮೀಟರ್ ಸಾಲು. ಜಾಮ್ ಮಾಡುವವರು ಯಾರು ಎಂಬುದನ್ನು ಈ ಅಳತೆ ಹೇಳುತ್ತದೆ. ಮತ್ತೆ ಆ ಐವತ್ತೂ ಕಾರುಗಳನ್ನು ಗಣಪತಿ ಗಲ್ಲಿಯಲ್ಲಿ ಎಲ್ಲಿ ನಿಲ್ಲಿಸುತ್ತೀರಿ? ಬಸ್ಸು ಜನರನ್ನು ಇಳಿಸಿ ಮುಂದೆ ಹೋಗುತ್ತದೆ, ಕಾರು ಸಂಜೆವರೆಗೆ ಅಲ್ಲೇ ಇರುತ್ತದೆ.

ಫ್ಲೈಓವರ್ ಒಂದು ವೃತ್ತವನ್ನು ದಾಟಿಸುತ್ತದೆ, ಮುಂದಿನ ವೃತ್ತದಲ್ಲಿ ತಂದು ಸುರಿಯುತ್ತದೆ. ರೈಲ್ವೆ ಗೇಟಿನ ಮೇಲಿನ ಸೇತುವೆಗಳ ಮಾತು ಬೇರೆ, ಗೇಟು ಬಿದ್ದರೆ ಆಂಬುಲೆನ್ಸ್ ಕೂಡ ನಿಲ್ಲಬೇಕಾಗುತ್ತದಾದ್ದರಿಂದ ಅವು ಬೇಕೇ ಬೇಕು. ಆದರೆ ಅಗಲ ಮಾಡಿದಷ್ಟೂ ಹೊಸ ಗಾಡಿಗಳು ಬಂದು ತುಂಬಿಕೊಳ್ಳುವುದನ್ನು ಜಗತ್ತು ಮತ್ತೆ ಮತ್ತೆ ಕಂಡಿದೆ. ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಫ್ರೀವೇಯನ್ನು 2008ರ ಹೊತ್ತಿಗೆ ಕೆಲವೆಡೆ 26 ಪಥಗಳವರೆಗೆ ಹಿಗ್ಗಿಸಿದರು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮೊದಲಿಗಿಂತ ದೀರ್ಘವಾಯಿತು. 26 ಪಥ ಹಾಕಲು ಶಹಾಪುರದಲ್ಲಿ ನಮಗೆ ಜಾಗವೂ ಇಲ್ಲ. ರಸ್ತೆಯ ಜಾಗ ಹಂಚುವಾಗ ವಾಹನಗಳಿಗಿಂತ ಜನರನ್ನು ಮುಂದಿಡಬೇಕೆಂದು ನಮ್ಮದೇ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ.

ಪ್ರಶ್ನೆ: ಹುಬ್ಬಳ್ಳಿ-ಧಾರವಾಡದಲ್ಲಿ ಪ್ರತ್ಯೇಕ ಪಥದ ಮೇಲೆ ಓಡುವ ಚಿಗರಿ ಬಸ್ಸಿನ ಗತಿ ನೋಡಿದ್ದೇವೆ. ಅಲ್ಲಿ ಇನ್ನೂ ದೂರು ನಿಂತಿಲ್ಲ. ಬೆಳಗಾವಿಗೂ ಅದನ್ನೇ ತರಬೇಕೇ?

ಉತ್ತರ: ಬೇಡ. ಚಿಗರಿ ಎರಡು ಊರುಗಳ ನಡುವಿನ ಸುಮಾರು 22 ಕಿಲೋಮೀಟರಿನ ನೇರ ದಾರಿಗಾಗಿ ಮಾಡಿದ್ದು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಗಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಅದಕ್ಕೆ ಅಗಲವಾದ ರಸ್ತೆ ಸಿಕ್ಕಿತ್ತು, ನಮ್ಮ ಬೋಗಾರವೇಸ್‌ಗೆ ಅಂಥ ಪ್ರತ್ಯೇಕ ಪಥ ಇಳಿಸಲಾಗದು. ಆದರೂ ಅದರಿಂದ ಎರಡು ಗುಣ ತರಬಹುದು: ನಿಲ್ದಾಣದ ನೆಲ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿರುವುದು, ಒಂದರ ಹಿಂದೊಂದು ಬಸ್ಸು ಬರುವುದು. ಮಂಡಿನೋವಿನವರು ಅಲ್ಲಿ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ. ನಮ್ಮ ಊರಿಗೆ ನಾಲ್ಕೈದು ಆಯಕಟ್ಟಿನ ಕಡೆ ಮಾತ್ರ ಬಸ್ಸಿಗೆ ಮೊದಲ ದಾರಿ ಕೊಟ್ಟರೆ ಸಾಕು: ಸಿಗ್ನಲ್ಲಿನಲ್ಲಿ ಬಸ್ಸಿಗೆ ಹಸಿರು ಸ್ವಲ್ಪ ಮೊದಲು ಬರಲಿ, ಗೋಗಟೆ ವೃತ್ತ, ಆರ್‌ಪಿಡಿ ಕ್ರಾಸ್‌ನಂಥ ಕಡೆ ಬೆಳಿಗ್ಗೆ ಮತ್ತು ಸಂಜೆ ರಸ್ತೆ ಬದಿಯ ಪಾರ್ಕಿಂಗ್ ತೆಗೆಯಲಿ.

ಚಿಕ್ಕ ಗಲ್ಲಿಗಳಿಗೆ ಚಿಕ್ಕ ಬಸ್ಸು. ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆ, 3 ಲಕ್ಷದಿಂದ 40 ಲಕ್ಷ ಜನಸಂಖ್ಯೆಯ ನಗರಗಳಿಗೆ 10,000 ವಿದ್ಯುತ್ ಬಸ್ಸುಗಳ ಗುರಿ ಇಟ್ಟಿದೆ. 2011ರ ಜನಗಣತಿಯಲ್ಲೇ ಬೆಳಗಾವಿ 4.9 ಲಕ್ಷದ ಹತ್ತಿರ ಇತ್ತು. ಆ ಯೋಜನೆಯಲ್ಲಿ 7 ಮತ್ತು 9 ಮೀಟರ್ ಬಸ್ಸುಗಳೂ ಸೇರಿವೆ. ವಡಗಾವಿ, ಶಹಾಪುರದ ತಿರುವುಗಳಿಗೆ ಹೊಂದುವುದು ಅವೇ. ಮೆಟ್ರೊ ಇಲ್ಲದ ಭುವನೇಶ್ವರ 2018ರ ನವೆಂಬರಿನಲ್ಲಿ 'ಮೋ ಬಸ್' ಎಂಬ ಹೆಸರಿನಲ್ಲಿ ನಗರ ಸಾರಿಗೆಯನ್ನು ಹೊಸದಾಗಿ ಕಟ್ಟಿತು. ಒಡಿಯಾದಲ್ಲಿ ಮೋ ಎಂದರೆ ನನ್ನ. ಆ ಹೆಸರೇ ನನಗೆ ಇಷ್ಟ.

ಪ್ರಶ್ನೆ: ಶಕ್ತಿ ಯೋಜನೆ ಬಂದ ಮ್ಯಾಲ ಬಸ್ಸಿನ್ಯಾಗ ಕಾಲಿಡಾಕ ಜಾಗ ಇಲ್ಲ. ರೊಕ್ಕ ಕೊಟ್ಟ ಗಂಡಸರು ನಿಂತು ಹೋಗಬೇಕೇನ್ರಿ?

ಉತ್ತರ: 2023ರ ಜೂನ್ 11ರಿಂದ ಬಸ್ಸಿನಲ್ಲಿ ಕಾಣುತ್ತಿರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಮೊದಲು ಟಂಟಂ ಆಟೊ ಹತ್ತುತ್ತಿದ್ದವರು, ನಡೆದೇ ಹೋಗುತ್ತಿದ್ದವರು, ಇಲ್ಲವೇ ಮನೆಯಲ್ಲೇ ಉಳಿಯುತ್ತಿದ್ದವರು. ಬಸ್ಸು ತುಂಬಿದರೆ ಇನ್ನೊಂದು ಬಸ್ಸು ಬಿಡಬೇಕು. ನಿಮ್ಮ ಸಿಟ್ಟು ನ್ಯಾಯವಾದದ್ದು, ಪಕ್ಕದ ಸೀಟಿನ ತಾಯಿಯ ಮೇಲೆ ಅದನ್ನು ತೀರಿಸಬೇಡಿ.

ಪ್ರಶ್ನೆ: ಬಾಗಲಕೋಟೆಯಂಥ ಸಣ್ಣ ಊರಿಗೆ ಇದೆಲ್ಲ ಅನ್ವಯಿಸುತ್ತದೆಯೇ? (ನವನಗರದಿಂದ)

ಉತ್ತರ: ಬೆಳಗಾವಿಗಿಂತ ಸುಲಭವಾಗಿ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ನವನಗರ ಎದ್ದ ಮೇಲೆ, ನಿಮ್ಮ ಊರು ಹಳೆ ಬಾಗಲಕೋಟೆ, ವಿದ್ಯಾಗಿರಿ, ನವನಗರ ಎಂದು ದಾರದಲ್ಲಿ ಪೋಣಿಸಿದಂತೆ ಉದ್ದಕ್ಕೆ ಬೆಳೆದಿದೆ. ಹೀಗೆ ಉದ್ದವಾಗಿರುವ ಊರಿಗೆ ಒಂದೇ ಮಾರ್ಗ, ಅದರಲ್ಲಿ ಬಿಡುವಿಲ್ಲದೆ ಓಡುವ ಬಸ್ಸು ಸಾಕು.

ಪ್ರಶ್ನೆ: ನಮ್ಮ ಓಣಿಗೆ ಬಸ್ ಬೇಕೆಂದು ಕೇಳಿ ಕೇಳಿ ಸಾಕಾಗಿದೆ. ಯಾರಿಗೆ, ಹೇಗೆ ಬರೆಯಬೇಕು? (ರಾಮತೀರ್ಥ ನಗರದಿಂದ)

ಉತ್ತರ: ಸಾರಿಗೆ ಸಂಸ್ಥೆಯ ಬೆಳಗಾವಿ ವಿಭಾಗೀಯ ನಿಯಂತ್ರಣಾಧಿಕಾರಿಗೆ ಬರೆಯಿರಿ, ಪ್ರತಿಯನ್ನು ಪಾಲಿಕೆ ಆಯುಕ್ತರಿಗೂ ನಿಮ್ಮ ವಾರ್ಡ್ ಸದಸ್ಯರಿಗೂ ಕೊಡಿ. "ಬಸ್ ಇಲ್ಲದೆ ತೊಂದರೆಯಾಗಿದೆ" ಎಂದಷ್ಟೇ ಬರೆದರೆ ಅದು ಫೈಲಿಗೆ ಸೇರುತ್ತದೆ. ಎರಡು ವಾರ ಒಂದು ನೋಟ್‌ಬುಕ್ ಇಡಿ. ಓಣಿಯ ಇಬ್ಬರು ಮೂವರು ಹಂಚಿಕೊಂಡು, ಯಾವ ನಿಲ್ದಾಣಕ್ಕೆ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಜನ ಹತ್ತಿದರು, ಎಷ್ಟು ಜನ ಹತ್ತಲಾಗದೆ ಉಳಿದರು ಎಂದು ಬರೆದಿಡಿ. ಬೆಳಿಗ್ಗೆ ಕೆಲಸಕ್ಕೆ, ಕಾಲೇಜಿಗೆ ಹೋಗುವವರು ಎಷ್ಟು ಗಂಟೆಗೆ ಎಲ್ಲಿ ತಲುಪಬೇಕು ಎಂಬುದನ್ನು ಮನೆಮನೆ ಕೇಳಿ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್‌ಗಳನ್ನು ಮರೆಯಬೇಡಿ, ಅವರ ಹೊತ್ತು ಯಾವ ಅರ್ಜಿಯಲ್ಲೂ ಇರುವುದಿಲ್ಲ. ಮಾರ್ಗ ನಿರ್ಧರಿಸುವ ಅಧಿಕಾರಿಯ ಮುಂದೆ ಆ ನೋಟ್‌ಬುಕ್ಕನ್ನೇ ಇಟ್ಟು ಕುಳಿತು ಮಾತಾಡಿ, ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.