ಟ್ರೈಕೋಡರ್ಮಾ ದ್ರವ ತಯಾರಿಸಿದರೆ ಬೇರೆಯವರ ಪೇಟೆಂಟ್ ಅಡ್ಡ ಬರುತ್ತದೆಯೇ?

ತೀರ್ಥಹಳ್ಳಿಯಲ್ಲಿ ಸಣ್ಣ ಘಟಕ ಹಾಕಿ ಅಡಿಕೆ ತೋಟಕ್ಕೆ ಎಣ್ಣೆ ಬೆರೆಸಿದ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ) ದ್ರವ ಮಾರಬೇಕೆಂದಿದ್ದೀರಿ, ಅಂಥದ್ದೇ ಒಂದು ಅಮೆರಿಕದ ಪೇಟೆಂಟ್ ಕಂಡು ಗಾಬರಿಯಾಗಿದೆ. ಅಮೆರಿಕದ ಪೇಟೆಂಟ್ ಶಿವಮೊಗ್ಗದಲ್ಲಿ ನಡೆಯುವುದಿಲ್ಲ. ಅದೇ ಕುಟುಂಬದ, ಅಂದರೆ ಅದೇ ಆವಿಷ್ಕಾರಕ್ಕೆ ಹಾಕಿದ ಅರ್ಜಿ ಭಾರತದಲ್ಲಿದೆಯೇ ಎಂಬುದಷ್ಟೇ ಪ್ರಶ್ನೆ.

ಪೇಟೆಂಟ್ ಕಚೇರಿಯ ಇನ್‌ಪಾಸ್ ತಾಣದಲ್ಲಿ ಪುಕ್ಕಟೆ ಹುಡುಕಬಹುದು. ಶಿಲೀಂಧ್ರದ ಹೆಸರಷ್ಟೇ ಸಾಲದು, ಸೂಕ್ಷ್ಮಜೀವಿ ಕೀಟ-ರೋಗನಾಶಕಗಳ ಎ01ಎನ್ 63 (A01N 63) ಎಂಬ ವರ್ಗಸಂಖ್ಯೆಯನ್ನೂ ಕೊಡಿ. ಅರ್ಜಿ ಪ್ರಕಟವಾಗುವುದೇ ಸಾಮಾನ್ಯವಾಗಿ 18 ತಿಂಗಳಿಗೆ. ಪಿಸಿಟಿ ಎಂಬ ಅಂತರರಾಷ್ಟ್ರೀಯ ಪೇಟೆಂಟ್ ಒಪ್ಪಂದದ ಮೂಲಕ ಭಾರತಕ್ಕೆ ಬರುವವರಿಗೆ ಮೊದಲ ಅರ್ಜಿಯಿಂದ 31 ತಿಂಗಳು ಅವಕಾಶವಿದೆ. ಹಾಗಾಗಿ ಬಾಟಲಿಗೆ ಲೇಬಲ್ ಅಚ್ಚು ಹಾಕಿಸುವ ಮುನ್ನ ಇನ್ನೊಮ್ಮೆ ಹುಡುಕಲೇಬೇಕು.

ಸಿಕ್ಕಿದ್ದರ ಶೀರ್ಷಿಕೆ, ಸಾರಾಂಶ ಬಿಟ್ಟು ನೇರವಾಗಿ ಕ್ಲೇಮುಗಳಿಗೆ, ಅಂದರೆ ಹಕ್ಕಿನ ವ್ಯಾಪ್ತಿ ಹೇಳುವ ಸಾಲುಗಳಿಗೆ ಹೋಗಿ. ಅದೂ ಮಂಜೂರಾದ ಪ್ರತಿಯದ್ದು. ಪ್ರಕಟವಾದಾಗ ಅಗಲವಾಗಿದ್ದ ಕ್ಲೇಮು ಪರಿಶೀಲನೆಯಲ್ಲಿ ಎಷ್ಟೋ ಸಲ ಕಿರಿದಾಗಿರುತ್ತದೆ. ಒಂದನೇ ಕ್ಲೇಮು 'ಇಂಥ ಠೇವಣಿ ಸಂಖ್ಯೆಯ ತಳಿ, ಶೇ 20–30 ಸಸ್ಯಜನ್ಯ ಎಣ್ಣೆ, ಎಮಲ್ಸಿಫೈಯರ್' ಎಂದಿದೆ ಎನ್ನಿ (ಠೇವಣಿ ಸಂಖ್ಯೆ ಎಂದರೆ ಸೂಕ್ಷ್ಮಜೀವಿ ಸಂಗ್ರಹಾಲಯದಲ್ಲಿಟ್ಟ ತಳಿಯ ಗುರುತು; ಎಮಲ್ಸಿಫೈಯರ್ ಎಂದರೆ ಎಣ್ಣೆ-ನೀರು ಬೆರೆಸುವ ವಸ್ತು). ಮೂರೂ ನಿಮ್ಮ ದ್ರವದಲ್ಲಿದ್ದರೆ ಸಿಕ್ಕಿಬಿದ್ದಿರಿ. ನಿಮ್ಮದು ನಿಜಕ್ಕೂ ಬೇರೆ ತಳಿಯಾದರೆ ಸಾಮಾನ್ಯವಾಗಿ ಹೊರಗಿದ್ದೀರಿ. ಎಣ್ಣೆಯನ್ನು ಶೇ 19.5ಕ್ಕೆ ಇಳಿಸಿ ಪಾರಾಗುವ ಜಾಣತನ ಬೇಡ, ಅಷ್ಟು ಸಣ್ಣ ವ್ಯತ್ಯಾಸವನ್ನು ಕೋರ್ಟು ಸಮಾನವೆಂದೇ ನೋಡಬಹುದು. ತಯಾರಿಕಾ ವಿಧಾನದ ಕ್ಲೇಮನ್ನೂ ಓದಿ: ಆ ವಿಧಾನದಿಂದ ನೇರವಾಗಿ ಬಂದ ಸರಕು ಮಾರುವುದೂ ಉಲ್ಲಂಘನೆಯೇ.

ಕಾಡಿನ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರಕ್ಕೆ ಇದ್ದ ಹಾಗೇ ಭಾರತದಲ್ಲಿ ಪೇಟೆಂಟ್ ಕೊಡುವುದಿಲ್ಲ. ತೊಡಕು ಬರುವುದು ಮಿಶ್ರಣ, ವಿಧಾನಗಳಲ್ಲಿ.

ಆಮೇಲೆ ಪೇಟೆಂಟ್ ಜೀವಂತವಾಗಿದೆಯೇ ನೋಡಿ. ಅವಧಿ ಅರ್ಜಿ ದಿನದಿಂದ 20 ವರ್ಷ; ನವೀಕರಣ ಶುಲ್ಕ ಕಟ್ಟದಿದ್ದರೆ ಮೊದಲೇ ಸಾಯುತ್ತದೆ. ಆದರೆ ಸತ್ತ 18 ತಿಂಗಳೊಳಗೆ ಮರುಜೀವಕ್ಕೆ ಅರ್ಜಿ ಹಾಕಲು ಅವಕಾಶವಿದೆ, ತಕ್ಷಣ ಬಂಡವಾಳ ಸುರಿಯಬೇಡಿ.

ಜೀವಂತ ಪೇಟೆಂಟ್ ಎದುರಾದರೂ ಪ್ರಯೋಗ ನಿಲ್ಲಿಸಬೇಕಿಲ್ಲ. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಗೆ ಬೇಕಾದ ಮಾಹಿತಿಗಾಗಿ ತಯಾರಿಸಿ ಪರೀಕ್ಷಿಸುವುದಕ್ಕೆ ಪೇಟೆಂಟ್ ಕಾಯ್ದೆಯ 107ಎ(ಎ) ಕಲಂ ವಿನಾಯಿತಿ ಕೊಡುತ್ತದೆ. ಪಕ್ಕದ ತೋಟದವರಿಗೆ ಒಂದು ಲೀಟರ್ ಮಾರಿದರೆ ಅದು ಅನ್ವಯಿಸದು.

ಮದರ್ ಕಲ್ಚರ್ (ಬೆಳೆಸಲು ಬಳಸುವ ಮೂಲ ಶಿಲೀಂಧ್ರ) ಹೊರಗಿನಿಂದ ತಂದಿದ್ದರೆ ಕೊಟ್ಟವರ ಕರಾರುಪತ್ರವನ್ನೂ ಓದಿ. ಪೇಟೆಂಟ್ ಇಲ್ಲದಿದ್ದರೂ 'ಸಂಶೋಧನೆಗೆ ಮಾತ್ರ' ಎಂಬ ಸಾಲು ನಿಮ್ಮ ವ್ಯಾಪಾರವನ್ನು ತಡೆಯಬಲ್ಲದು. ಇಷ್ಟೆಲ್ಲ ಸೋಸಿದ ಮೇಲೂ ಅನುಮಾನ ಉಳಿದ ಎರಡು ಮೂರು ಪೇಟೆಂಟುಗಳನ್ನು ಮಾತ್ರ, ನಿಮ್ಮ ಅಂತಿಮ ಪಾಕದ ಜೊತೆ, ಪೇಟೆಂಟ್ ಏಜೆಂಟರ ಮುಂದಿಡಿ. ಆಮೇಲೆ ಪಾಕ ಬದಲಿಸಿದರೆ ಅವರ ಅಭಿಪ್ರಾಯಪತ್ರ ಕೆಲಸಕ್ಕೆ ಬರುವುದಿಲ್ಲ.