ಗುರುತು ಇರುವುದು ಡಿಎನ್‌ಎ ಮೇಲೆ, ಕತ್ತರಿ ಬೀಳುವುದು ಆರ್‌ಎನ್‌ಎಗೆ. ಹೇಗೆ?

ಸ್ಪ್ಲೈಸಿಂಗ್ (ಆರ್‌ಎನ್‌ಎಯಿಂದ ಇಂಟ್ರಾನ್ ಅನ್ನುವ ಬೇಡದ ತುಂಡು ಕತ್ತರಿಸಿ, ಎಕ್ಸಾನ್ ಅನ್ನುವ ಬೇಕಾದ ತುಂಡು ಜೋಡಿಸುವ ಕೆಲಸ) ನಡೆಯುವುದು ಆರ್‌ಎನ್‌ಎ ಮೇಲೆ, ಕ್ರೊಮಾಟಿನ್ (ಹಿಸ್ಟೋನ್ ಪ್ರೋಟೀನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ) ಇರುವುದು ಡಿಎನ್‌ಎ ಕಡೆ, ಇವೆರಡಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ನನಗೂ ಈ ಅನುಮಾನ ತುಂಬಾ ದಿನ ಇತ್ತು. ತಪ್ಪು ಪಠ್ಯಪುಸ್ತಕದ ಚಿತ್ರದ್ದು. ಅಲ್ಲಿ ಇಡೀ ಆರ್‌ಎನ್‌ಎ ತಯಾರಾಗಿ ಮುಗಿಯುತ್ತದೆ, ಆಮೇಲೆ ಒಂದು ಬಾಣ, ಆಮೇಲೆ ಇಂಟ್ರಾನ್ ಕತ್ತರಿಸುವ ಕೆಲಸ. ಜೀವಕೋಶ ಅಷ್ಟು ಹೊತ್ತು ಕಾಯುವುದಿಲ್ಲ. ಡಿಎನ್‌ಎಯನ್ನು ಆರ್‌ಎನ್‌ಎಯಾಗಿ ನಕಲು ಮಾಡುವ ಕಿಣ್ವ ಪಾಲಿಮರೇಸ್ 2 ಇನ್ನೂ ಡಿಎನ್‌ಎ ಮೇಲೆ ಓಡುತ್ತಿರುವಾಗಲೇ, ಅದರಿಂದ ಹೊರಬರುತ್ತಿರುವ ಆರ್‌ಎನ್‌ಎಗೆ ಕತ್ತರಿಸಿ ಜೋಡಿಸುವ ಯಂತ್ರವಾದ ಸ್ಪ್ಲೈಸಿಯೋಸೋಮ್ ಕೈ ಹಾಕಿರುತ್ತದೆ.

ಅಂದಮೇಲೆ ಓಟದ ವೇಗ ಮುಖ್ಯ ಅಲ್ವಾ? ಪಾಲಿಮರೇಸ್ ನಿಮಿಷಕ್ಕೆ ಸುಮಾರು 1,000ದಿಂದ 4,000 ಅಕ್ಷರ ನಕಲು ಮಾಡುತ್ತದೆ. ಕೆಲವು ಎಕ್ಸಾನ್‌ಗಳ ಅಂಚಿನ ಗುರುತು ದುರ್ಬಲ. ಪಾಲಿಮರೇಸ್ ಅಲ್ಲಿ ನಿಧಾನವಾದರೆ, ಮುಂದಿನ ಬಲವಾದ ಎಕ್ಸಾನ್ ಹೊರಬರುವ ಮೊದಲೇ ಈ ಬಡಪಾಯಿಯನ್ನು ಗುರುತಿಸಲು ಸಮಯ ಸಿಗುತ್ತದೆ. ಬೇಗ ದಾಟಿಬಿಟ್ಟರೆ ಅದು ಬಿಟ್ಟುಹೋಗಬಹುದು. ಬಿಗಿಯಾದ ಕ್ರೊಮಾಟಿನ್ ಓಟವನ್ನು ತಡೆಯುತ್ತದೆ, ಹಿಸ್ಟೋನ್ ಮೇಲೆ ಅಸಿಟೈಲ್ ಅನ್ನುವ ರಾಸಾಯನಿಕ ಗುರುತುಗಳಿರುವ ಸಡಿಲ ಕ್ರೊಮಾಟಿನ್ ದಾರಿ ಬಿಡುತ್ತದೆ.

ನನಗೆ ಇದು ಸರಿಯಾಗಿ ಅರ್ಥವಾದದ್ದು ಸಿಡಿ45 ಜೀನ್‌ನಿಂದ. ಇದು ಬಿಳಿ ರಕ್ತಕಣಗಳದ್ದು. ಇದರ 5ನೇ ಎಕ್ಸಾನ್ ದುರ್ಬಲ. ಆ ಜಾಗದ ಡಿಎನ್‌ಎ ಮೇಲೆ ಸಿಟಿಸಿಎಫ್ ಅನ್ನುವ ಪ್ರೋಟೀನ್ ಕೂತಿದ್ದರೆ, ಓಡಿ ಬಂದ ಪಾಲಿಮರೇಸ್ ಅಲ್ಲಿ ತಡೆದು ನಿಲ್ಲುತ್ತದೆ, ಎಕ್ಸಾನ್ ಉಳಿದುಕೊಳ್ಳುತ್ತದೆ. ಅದೇ ಡಿಎನ್‌ಎಗೆ ಮೀಥೈಲ್ ಅನ್ನುವ ಇನ್ನೊಂದು ರಾಸಾಯನಿಕ ಗುರುತು ಅಂಟಿದ್ದರೆ ಸಿಟಿಸಿಎಫ್ ಕೂರಲಾಗುವುದಿಲ್ಲ. ಪಾಲಿಮರೇಸ್ ಸೀದಾ ಹೋಗುತ್ತದೆ, ಎಕ್ಸಾನ್ ಹೊರಗೆ. 2011ರಲ್ಲಿ ಇದು ಪ್ರಕಟವಾಯಿತು. ಜೀನ್‌ನ ಒಂದಕ್ಷರವೂ ಬದಲಾಗಿಲ್ಲ, ಗಮನಿಸಿ.

ವೇಗ ಬಿಟ್ಟು ಇನ್ನೊಂದು ದಾರಿಯೂ ಇದೆ. ಗುರುತೇ ಆಳನ್ನು ಕರೆಸುವುದು. ಎಫ್‌ಜಿಎಫ್‌ಆರ್2 ಜೀನ್‌ನಲ್ಲಿ ಹಿಸ್ಟೋನ್ ಎಚ್3ರ 36ನೇ ಅಮೈನೋ ಆಮ್ಲವಾದ ಲೈಸೀನ್ ಮೇಲೆ ಮೂರು ಮೀಥೈಲ್ ಇದ್ದರೆ, ಅದನ್ನು ಎಂಆರ್‌ಜಿ15 ಅನ್ನುವ ಪ್ರೋಟೀನ್ ಹಿಡಿಯುತ್ತದೆ, ಎಂಆರ್‌ಜಿ15 ಸ್ಪ್ಲೈಸಿಂಗ್ ತಡೆಯುವ ಪ್ರೋಟೀನ್ ಪಿಟಿಬಿಯನ್ನು ಕರೆತರುತ್ತದೆ, ಪಿಟಿಬಿ 3ಬಿ ಎಕ್ಸಾನ್ ಅನ್ನು ಅಡಗಿಸುತ್ತದೆ. 2010ರ ಆ ಕೆಲಸದಲ್ಲಿ ಗುರುತು ಹಾಕುವ ಕಿಣ್ವವನ್ನು ಜಾಸ್ತಿ ಮಾಡಿ ನೋಡಿದರು. 3ಬಿ ಕಡಿಮೆಯಾಯಿತು.

ನಿಧಾನವಾದರೆ ಎಕ್ಸಾನ್ ಉಳಿಯುತ್ತದೆ ಅಂತ ಮಾತ್ರ ಬಾಯಿಪಾಠ ಮಾಡಬೇಡಿ. ಎಕ್ಸಾನ್ ಸೇರದಂತೆ ತಡೆಯುವ ಪ್ರೋಟೀನಿಗೂ ಆ ಸಮಯ ಸಿಗುತ್ತದೆ! ಎಸ್‌ಎಂಎನ್2 ಜೀನ್‌ನ 7ನೇ ಎಕ್ಸಾನ್ ಹಾಗೇ ಉಲ್ಟಾ, ಅದಕ್ಕೆ ವೇಗವೇ ಬೇಕು. ಸ್ನಾಯು ಸೊರಗುವ ಆನುವಂಶಿಕ ಕಾಯಿಲೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಗೆ ಕೊಡುವ ನುಸಿನರ್ಸೆನ್ ಈ ಎಕ್ಸಾನ್ ಉಳಿಸಲು ಮಾಡಿದ ಔಷಧ. ಆದರೆ ಅದೇ ಔಷಧ ಆ ಜೀನ್ ಮೇಲೆ ಕ್ರೊಮಾಟಿನ್ ಬಿಗಿಮಾಡುವ ಗುರುತನ್ನೂ ತಂದು ಪಾಲಿಮರೇಸ್‌ಗೆ ಅಡ್ಡಿ ಮಾಡುತ್ತದೆ ಅಂತ 2022ರಲ್ಲಿ ಗೊತ್ತಾಯಿತು. ಜೊತೆಗೆ ವ್ಯಾಲ್‌ಪ್ರೋಯಿಕ್ ಆಮ್ಲ ಕೊಟ್ಟು ಅಡ್ಡಿ ಸಡಿಲಿಸಿದಾಗ ಇಲಿಗಳಲ್ಲಿ ಫಲ ಹೆಚ್ಚಾಯಿತು.

ಕೊನೆಗೊಂದು ಎಚ್ಚರಿಕೆ. ಹಿಸ್ಟೋನ್ ಉಂಡೆಗೆ ಡಿಎನ್‌ಎ ಸುತ್ತಿದ ಒಂದು ಘಟಕವೇ ನ್ಯೂಕ್ಲಿಯೋಸೋಮ್. ಅದರಲ್ಲಿ ಸುತ್ತಿರುವುದು 147 ಅಕ್ಷರ, ನಮ್ಮ ಎಕ್ಸಾನ್‌ಗಳ ಸರಾಸರಿ ಉದ್ದವೂ ಹೆಚ್ಚುಕಮ್ಮಿ ಅಷ್ಟೇ, ಎಕ್ಸಾನ್‌ಗಳ ಮೇಲೆ ನ್ಯೂಕ್ಲಿಯೋಸೋಮ್‌ಗಳೂ ಜಾಸ್ತಿ. ನೋಡಲು ಚೆನ್ನಾಗಿದೆ, ಆದರೆ ಇದರಿಂದಲೇ ಯಾವುದು ಕಾರಣ ಅಂತ ಹೇಳಲಾಗದು. ಸ್ಪ್ಲೈಸಿಂಗ್ ನಿಲ್ಲಿಸಿದರೆ ಆ 36ನೇ ಲೈಸೀನ್ ಗುರುತೂ ಬದಲಾಗುತ್ತದೆ, ಅಂದರೆ ಪ್ರಭಾವ ಹಿಮ್ಮುಖವಾಗಿಯೂ ಹರಿಯುತ್ತದೆ. ಹಾಗಾಗಿ ಯಾವ ಗುರುತು ಎಲ್ಲಿದೆ ಅಂತ ಸುಮ್ನೆ ನಕ್ಷೆ ತೋರಿಸುವ ಪ್ರಬಂಧ ಸಿಕ್ಕಾಗ, ಇವರು ಗುರುತನ್ನು ಅಳಿಸಿ ನೋಡಿದ್ದಾರಾ ಅಂತ ನಾನು ಮೊದಲು ಹುಡುಕುತ್ತೇನೆ.