ಹಳೇ ಬಿ-275ಕ್ಕೆ ಆಲ್ಟರ್ನೇಟರ್: ಮೊದಲು ಅರ್ತ್ ಯಾವ ಕಡೆ ಇದೆ ನೋಡಿ

ಪ್ರಶ್ನೆ: ಅಪ್ಪನ ಕಾಲದ ಬಿ-275 ಟ್ರ್ಯಾಕ್ಟರ್ ಇನ್ನೂ ಕಬ್ಬು ಹೊರುತ್ತಿದೆ. ಹಗಲು ಏನೂ ತೊಂದರೆ ಇಲ್ಲ. ರಾತ್ರಿ ಫ್ಯಾಕ್ಟರಿ ಮುಂದೆ ಪಾಳಿಗೆ ನಿಂತಾಗ ಲೈಟು ಮಂಕಾಗುತ್ತದೆ, ಬೆಳಗ್ಗೆ ಸೆಲ್ಫ್ ಎತ್ತುವುದಿಲ್ಲ. ಬ್ಯಾಟರಿ ಹಾಕಿಸಿ ಆರು ತಿಂಗಳೂ ಆಗಿಲ್ಲ. ಡೈನಮೋ ಬಿಚ್ಚಿ ಆಲ್ಟರ್ನೇಟರ್ ಹಾಕಿಸು ಅಂತಾರೆ. ಹಾಕಬಹುದಾ? ವೈರಿಂಗ್ ಪೂರ್ತಿ ಬದಲಿಸಬೇಕಾ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಹಾಕಬಹುದು. ಎಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡುವುದೇ ಎರಡರದ್ದೂ ಕೆಲಸ. ವೈರಿಂಗ್ ಪೂರ್ತಿ ಬದಲಿಸಬೇಕಿಲ್ಲ, ಮೂರು ವೈರಿನ ಕೆಲಸ ಅಷ್ಟೆ. ಆದರೆ ಖರ್ಚು ಮಾಡುವ ಮೊದಲು ನಿಮ್ಮ ಲೋಡ್ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ.

ಮುಂದಿನ ಎರಡು ಲೈಟು ತಲಾ 55 ವ್ಯಾಟ್ ಅಂದರೆ ಸುಮಾರು 9 ಆಂಪ್ಸ್. ಹಿಂದಿನ ಲೈಟು, ಟ್ರೇಲರಿನ ಕೆಂಪು ದೀಪ ಸೇರಿ ಇನ್ನೊಂದು 4–5. ಮೇಲೆ ಹಾಡಿನ ಸೆಟ್ ಬೇರೆ. ಕಬ್ಬಿನ ಗಾಡಿ ಅಂದಮೇಲೆ ಸೆಟ್ ಇಲ್ಲದೆ ಇರುತ್ತಾ? ಹಳೇ ಡೈನಮೋ ಪೂರ್ತಿ ಜೋರಾಗಿ ತಿರುಗಿದರೂ ಕೊಡುವುದು 20 ಆಂಪ್ಸ್ ಆಸುಪಾಸು. ಸ್ಲೋದಲ್ಲಿ ಬಹುತೇಕ ಏನೂ ಕೊಡುವುದಿಲ್ಲ. ಪಾಳಿಯಲ್ಲಿ ಗಂಟೆಗಟ್ಟಲೆ ಸ್ಲೋದಲ್ಲೇ ನಿಲ್ಲುತ್ತೀರಿ. ಅಷ್ಟು ಹೊತ್ತೂ ಬ್ಯಾಟರಿಯೇ ಎಲ್ಲವನ್ನೂ ಎಳೆಯುತ್ತಿರುತ್ತದೆ. ಪಾಪ, ಬ್ಯಾಟರಿಯದ್ದೇನೂ ತಪ್ಪಿಲ್ಲ.

ಬರೀ ಹಗಲು ಉಳುಮೆ ಮಾಡುವವರಾಗಿದ್ದರೆ ಡೈನಮೋಗೆ ಕಾರ್ಬನ್ ಬ್ರಷ್ ಹಾಕಿಸಿ ಸುಮ್ನೆ ಇರಿ ಅಂತಿದ್ದೆ. ನಿಮ್ಮ ಕೆಲಸಕ್ಕೆ ಆಲ್ಟರ್ನೇಟರೇ ಸರಿ.

ಈಗ ಮುಖ್ಯ ವಿಷಯ. ಬಿ-275 ಮೂಲತಃ ಇಂಗ್ಲೆಂಡಿನ ವಿನ್ಯಾಸ. 1963ರಲ್ಲಿ ಮಹೀಂದ್ರ ಮತ್ತು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸೇರಿ ಕಂಪನಿ ಕಟ್ಟಿದ ಮೇಲೆ ನಮ್ಮಲ್ಲಿ ತಯಾರಾಯಿತು. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಗಾಡಿಯ ಬಾಡಿಗೆ, ಅಂದರೆ ಕಬ್ಬಿಣದ ಮೈಗೆ, ಜೋಡಿಸಿ ಅರ್ತ್ ಮಾಡುವ ಪದ್ಧತಿ ಇತ್ತು. ನಿಮ್ಮ ಗಾಡಿಯಲ್ಲಿ ಹೇಗಿದೆಯೋ, ನಡುವೆ ಯಾರಾದರೂ ಬದಲಿಸಿದ್ದಾರೋ, ನೋಡದೆ ಹೇಳಲಾಗದು. ಬ್ಯಾಟರಿಯಿಂದ ಬಾಡಿಗೆ ಹೋಗುವ ದಪ್ಪ ವೈರನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದಕ್ಕೆ ಹೋಗಿ. ಅದು ಮೈನಸ್ಸಿಗೆ ಸೇರಿದ್ದರೆ ಸರಿ. ಪ್ಲಸ್ಸಿಗೆ ಸೇರಿದ್ದರೆ ಅಲ್ಲೇ ನಿಲ್ಲಿ. ಆ ಸ್ಥಿತಿಯಲ್ಲಿ ಆಲ್ಟರ್ನೇಟರ್ ಜೋಡಿಸಿದರೆ ಗಾಡಿ ಚಾಲೂ ಮಾಡುವ ಮೊದಲೇ ಅದರೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ಸುಟ್ಟುಹೋಗುತ್ತವೆ. ಒಮ್ಮೆ ನಾನೇ ನೋಡದೆ ಜೋಡಿಸಿ, ಕ್ಲ್ಯಾಂಪ್ ಮುಟ್ಟಿಸಿದ ಕೂಡಲೇ ಚಟಪಟ ಕಿಡಿ ಹಾರಿತ್ತು. ಹೊಸ ಆಲ್ಟರ್ನೇಟರ್ ಕಣ್ಣೆದುರೇ ಹೋಯಿತು. ಅವತ್ತಿನಿಂದ ಮೊದಲು ಅರ್ತ್, ಆಮೇಲೆ ಸ್ಪ್ಯಾನರ್.

ಪ್ಲಸ್ ಅರ್ತ್ ಇದ್ದರೆ ಬದಲಿಸುವುದು ಕಷ್ಟವಲ್ಲ. ಬ್ಯಾಟರಿ ತಿರುಗಿಸಿ ಕೂರಿಸಿ, ಆಂಪ್ ಮೀಟರಿನ ಎರಡು ವೈರು ಅದಲುಬದಲು ಮಾಡಿ. ಸೆಲ್ಫ್ ಮೋಟಾರ್ ಉಲ್ಟಾ ತಿರುಗುತ್ತಾ ಅಂತ ತುಂಬ ಜನ ಕೇಳುತ್ತಾರೆ. ಇಲ್ಲ, ಅದರೊಳಗೆ ಮ್ಯಾಗ್ನೆಟ್ ಇಲ್ಲ, ಬರೀ ಕಾಯಿಲ್. ಸುತ್ತಲಿನ ಕಾಯಿಲ್, ತಿರುಗುವ ಕಾಯಿಲ್ ಎರಡೂ ಒಟ್ಟಿಗೆ ಉಲ್ಟಾ ಆಗುವುದರಿಂದ ತಿರುಗುವ ದಿಕ್ಕು ಮೊದಲಿನಂತೆಯೇ ಇರುತ್ತದೆ. ಬ್ಯಾಟರಿಯ ಪ್ಲಸ್ ಕಂಬ ಮೈನಸ್ಸಿಗಿಂತ ಸ್ವಲ್ಪ ದಪ್ಪ. ಹಾಗಾಗಿ ಕ್ಲ್ಯಾಂಪ್‌ಗಳನ್ನೂ ಬದಲಿಸಿಕೊಳ್ಳಿ, ಸುತ್ತಿಗೆಯಿಂದ ಬಡಿದು ಕೂರಿಸಬೇಡಿ.

ಆಲ್ಟರ್ನೇಟರ್ ಕೊಳ್ಳುವಾಗ ರೆಗ್ಯುಲೇಟರ್ (ವೋಲ್ಟೇಜನ್ನು ಹದದಲ್ಲಿಡುವ ಭಾಗ) ಒಳಗೇ ಇರುವ, ಟ್ರ್ಯಾಕ್ಟರಿಗೆಂದೇ ಬರುವ 12 ವೋಲ್ಟ್ 36 ಆಂಪ್ಸ್‌ನದು ಸಾಕು. ಗುಜರಿಯಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಲಾರಿಯ 24 ವೋಲ್ಟಿನದೂ ಇರುತ್ತದೆ, ಪ್ಲೇಟು ಓದಿ ತನ್ನಿ. ಹೊಸ ಕಾರಿನದು ಬೇಡ. ಎಷ್ಟೋ ಕಾರುಗಳಲ್ಲಿ ಅದನ್ನು ಕಂಪ್ಯೂಟರ್ ನಡೆಸುತ್ತದೆ, ನಿಮ್ಮ ಟ್ರ್ಯಾಕ್ಟರಿನಲ್ಲಿ ಅದು ಸುಮ್ಮನೆ ಕೂರುತ್ತದೆ.

ಡೈನಮೋ ಉದ್ದ, ಆಲ್ಟರ್ನೇಟರ್ ಗಿಡ್ಡ. ಹಳೇ ಬ್ರಾಕೆಟ್ಟಿನಲ್ಲಿ ಉಳಿಯುವ ಸಂದಿಗೆ ಲೇತ್‌ನಲ್ಲಿ ಒಂದು ಬುಷ್ ಕಡೆಸಿ. ವಾಷರ್ ಮೇಲೆ ವಾಷರ್ ಪೇರಿಸಿದರೆ ಒಂದೇ ಸೀಸನ್ನಿಗೆ ಬೋಲ್ಟ್ ಸಡಿಲಾಗುತ್ತದೆ. ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಅಂತ ದಾರ ಎಳೆದು ನೋಡಿ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡೂ ನಿಮ್ಮ ಬೆಲ್ಟಿನ ಅಗಲಕ್ಕೆ ಹೊಂದಬೇಕು. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ಬಗ್ಗಿದರೆ ಸಾಕು. ಅದೇ ಬೆಲ್ಟ್ ಫ್ಯಾನನ್ನೂ ತಿರುಗಿಸುತ್ತದೆ, ಜಾಸ್ತಿ ಬಿಗಿದರೆ ವಾಟರ್ ಪಂಪಿನ ಬೇರಿಂಗ್ ಹೋಗುತ್ತದೆ.

ಇನ್ನು ವೈರು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಡೈನಮೋದಿಂದ ಕಟೌಟಿಗೆ (ಡೈನಮೋದ ಚಾರ್ಜನ್ನು ಹತೋಟಿಯಲ್ಲಿಡುವ ಡಬ್ಬಿ) ಹೋಗುತ್ತಿದ್ದುದು ಎರಡು ವೈರು: ಡಿ ದಪ್ಪದ್ದು, ಎಫ್ ಸಣ್ಣದು. ಕಟೌಟಿನ ಕೆಲಸ ಮುಗಿಯಿತು, ತೆಗೆಯಿರಿ. ಆದರೆ ಅದರ ಎ ಪಿನ್ನಿನಲ್ಲಿದ್ದ ವೈರುಗಳನ್ನು ಬಿಡಿಬಿಡಿಯಾಗಿ ಬಿಡಬೇಡಿ. ಸಾಮಾನ್ಯವಾಗಿ ಲೈಟಿಗೆ ಕರೆಂಟ್ ಹೋಗುವುದೇ ಅಲ್ಲಿಂದ. ಎಲ್ಲವನ್ನೂ ಒಂದೇ ಬೋಲ್ಟಿಗೆ ಸೇರಿಸಿ, ಬಾಡಿಗೆ ತಾಗದಂತೆ ಟೇಪ್ ಸುತ್ತಿ.

ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿನಿಂದ 6 ಚದರ ಮಿ.ಮೀ. ದಪ್ಪದ ಹೊಸ ವೈರನ್ನು ನೇರ ಸೆಲ್ಫಿಗೆ, ಬ್ಯಾಟರಿಯ ದಪ್ಪ ಕೇಬಲ್ ಬಂದು ಕೂರುವ ಬೋಲ್ಟಿಗೆ ಎಳೆಯಿರಿ. ಆ ತುದಿಯಲ್ಲಿ 50 ಆಂಪ್ಸ್ ಫ್ಯೂಸ್ ಇರಲಿ. ಹಳೇ ಡಿ ವೈರನ್ನೇ ಬಳಸಿ ಆಂಪ್ ಮೀಟರಿನ ಮೂಲಕ ಕಳಿಸುವವರಿದ್ದಾರೆ. 30 ಆಂಪ್ಸ್‌ನ ಮೀಟರಿಗೆ ಅದು ಜಾಸ್ತಿ ಭಾರ. ನೇರ ಎಳೆದ ಮೇಲೆ ಮೀಟರಿನ ಮುಳ್ಳು ಮೈನಸ್ ಕಡೆ ಮಾತ್ರ ವಾಲುತ್ತದೆ, ಗಾಬರಿ ಬೇಡ. ಈಗ ಅದು ತೋರಿಸುವುದು ಲೈಟಿನ ಲೋಡ್ ಮಾತ್ರ. ಪಕ್ಕದಲ್ಲೊಂದು ವೋಲ್ಟ್ ಮೀಟರ್ ಹಾಕಿಸಿ.

ಎರಡನೆಯದು ಇಂಡಿಕೇಟರ್ ಬಲ್ಬ್. ಕೀಯಿಂದ 12 ವೋಲ್ಟ್ 2.2 ವ್ಯಾಟ್ ಬಲ್ಬಿಗೆ, ಬಲ್ಬಿನಿಂದ ಆಲ್ಟರ್ನೇಟರಿನ ಐಎನ್‌ಡಿ ಪಿನ್ನಿಗೆ. ಹಳೇ ಎಫ್ ವೈರು ಇದಕ್ಕೆ ಸಾಕು. ಈ ಬಲ್ಬ್ ಬರೀ ಅಲಂಕಾರಕ್ಕಲ್ಲ. ಇದರ ಮೂಲಕ ಹೋಗುವ ಅಷ್ಟಿಷ್ಟು ಕರೆಂಟಿನಿಂದಲೇ ಆಲ್ಟರ್ನೇಟರ್ ಎಚ್ಚರವಾಗುವುದು. ಚೆಂದಕ್ಕೆ ಎಲ್‌ಇಡಿ ಹಾಕಿದರೆ ಚಾರ್ಜ್ ಶುರುವಾಗದೆ ಇರಬಹುದು.

ಮೂರನೆಯದು ಅರ್ತ್. ಬ್ರಾಕೆಟ್ಟಿನ ಬಣ್ಣ, ಗ್ರೀಸ್ ಕೆರೆದು ಬಿಳಿ ಕಬ್ಬಿಣ ಕಾಣಬೇಕು. ಆಲ್ಟರ್ನೇಟರ್ ಮೈಯಿಂದ ಎಂಜಿನ್ನಿಗೆ ಒಂದು ವೈರು ಹೆಚ್ಚಿಗೆ ಹಾಕಿಬಿಡಿ.

ಗಾಡಿ ಚಾಲೂ ಮಾಡಿ ಸ್ವಲ್ಪ ರೇಸ್ ಕೊಡಿ. ಬಲ್ಬ್ ಆರಬೇಕು, ಬ್ಯಾಟರಿ ಮೇಲೆ ಮಲ್ಟಿಮೀಟರ್ 13.8ರಿಂದ 14.4 ವೋಲ್ಟ್ ತೋರಿಸಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಎಲ್ಲ ಲೈಟು ಹಾಕಿ ಇನ್ನೊಮ್ಮೆ ನೋಡಿ. ಬಿ ಪ್ಲಸ್ ಬೋಲ್ಟಿನಲ್ಲಿ 14, ಬ್ಯಾಟರಿಯಲ್ಲಿ 13 ಬಂದರೆ ವೈರಿನ ತುದಿಯ ಲಗ್ ಸರಿಯಾಗಿ ಒತ್ತಿಲ್ಲ, ಇಲ್ಲವೇ ಅರ್ತ್ ಸರಿಯಿಲ್ಲ.

ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಚಾರ್ಜ್ ಪರೀಕ್ಷೆ ಮಾಡುವ ಹಳೇ ಮೇಸ್ತ್ರಿಗಳಿದ್ದಾರೆ. ಡೈನಮೋ ಅದನ್ನು ತಡೆದುಕೊಂಡಿತ್ತು, ಇದು ತಡೆಯದು. ಹುಕ್ಕಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಬಿಚ್ಚಿ, ಬಿ ಪ್ಲಸ್ ವೈರನ್ನೂ ಕಳಚಿಡಿ.

ಪ್ರಶ್ನೆ: ಹೋದ ವರ್ಷ ಆಲ್ಟರ್ನೇಟರ್ ಹಾಕಿಸಿದೆ. ಚಾರ್ಜ್ ಚೆನ್ನಾಗಿದೆ. ಆದರೆ ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ.
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಎಂಜಿನ್ ಆಫ್ ಮಾಡಲು ಸ್ಟಾಪ್ ನಾಬ್ ಎಳೆದು, ಕೀ ಹಾಗೇ ಬಿಟ್ಟು ಇಳಿಯುತ್ತೀರಾ? ಡೈನಮೋ ಇದ್ದಾಗ ಅದು ನಡೆಯುತ್ತಿತ್ತು. ಈಗ ಕೀ ಆನ್ ಇದ್ದರೆ ಬಲ್ಬ್ ಉರಿಯುತ್ತಲೇ ಇರುತ್ತದೆ, ಬಿಸಿಲಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕೀ ಆಫ್ ಮಾಡಿಯೂ ಬ್ಯಾಟರಿ ಇಳಿಯುತ್ತಿದ್ದರೆ ಬೆಳಗ್ಗೆ ಎದ್ದವರೇ, ಗಾಡಿ ಮುಟ್ಟುವ ಮೊದಲು, ಆಲ್ಟರ್ನೇಟರ್ ಮೇಲೆ ಅಂಗೈ ಇಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದು ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ. ಡಯೋಡ್ ಪ್ಲೇಟ್ ಬಿಡಿಯಾಗಿ ಸಿಗುತ್ತದೆ, ಇಡೀ ಆಲ್ಟರ್ನೇಟರ್ ಬದಲಿಸಿ ಅಂದರೆ ಒಪ್ಪಬೇಡಿ.